ಒಂಟಿ ಕಣ್ಣಿನ ಸಾಕ್ಷಿ

ಹೋದ ವರ್ಷ ನಮ್ಮ ಬೀದಿಯ ತುದಿಯಲ್ಲಿರುವ ಹೆಣ್ಣುಮಕ್ಕಳ ಪ್ರೌಢಶಾಲೆಯ ಸಲುವಾಗಿ ಒಂದು ಪುಟ್ಟ ಕ್ಯಾಮೆರಾ ತರಿಸಿದೆ. ಕುಂಕುಮದ ಭರಣಿಗಿಂತ ತುಸು ದೊಡ್ಡದು, ಹಿಂದೆ ಇಲಿಬಾಲದಂಥ ಒಂದು ತಂತಿ. ಒಂಟಿಯಾಗಿ ಕೈಯಲ್ಲಿ ಹಿಡಿದರೆ ಅದು ಯಾತಕ್ಕೂ ಬಾರದು. ಮೈಕ್ರೋಸ್ಕೋಪಿನ ನಳಿಗೆಯಿಂದ ನಾವು ಕಣ್ಣಿಡುವ ಐಪೀಸನ್ನು ಹೊರಗೆಳೆದು, ಆ ಜಾಗದಲ್ಲಿ ಇದನ್ನು ಕೂರಿಸಬೇಕು. ನನ್ನ ಮೈಕ್ರೋಸ್ಕೋಪು ಹಳೆಯದು, ಅಂಬಾಲದಲ್ಲಿ ತಯಾರಾದದ್ದು. ಆಸ್ಪತ್ರೆಯ ಗುಜರಿ ಸಾಮಾನಿನ ಹರಾಜಿನಲ್ಲಿ ನಾನೇ ಕೊಂಡು ತಂದದ್ದು. ಅದರ ಕಾಲವೇ ಬೇರೆ, ಈ ಕ್ಯಾಮೆರಾದ ಕಾಲವೇ ಬೇರೆ. ಆದರೆ ಇಂಥ ಮೈಕ್ರೋಸ್ಕೋಪುಗಳ ಐಪೀಸಿನ ನಳಿಗೆ 23.2 ಮಿಲಿಮೀಟರಿನದು. ಆ ಅಳತೆ ಬದಲಾಗದೆ ಉಳಿದುಬಂದಿರುವುದರಿಂದ ಕ್ಯಾಮೆರಾ ಸೇರಿಗೆ ಮುಚ್ಚಳ ಕೂತ ಹಾಗೆ ಕೂತುಬಿಟ್ಟಿತು.

ಈರುಳ್ಳಿಯ ಒಳಪೊರೆ ಬಿಡಿಸಿ, ಒಂದು ಹನಿ ಅಯೋಡಿನ್ ಹಾಕಿ, ತಂತಿಯನ್ನು ಟೀಚರ ಲ್ಯಾಪ್‌ಟಾಪಿಗೆ ಚುಚ್ಚಿದೆ. ಪರದೆಯ ಮೇಲೆ ಜೀವಕೋಶಗಳು ಇಟ್ಟಿಗೆ ಗೋಡೆಯಂತೆ ಮೂಡಿದವು. ಹುಡುಗಿಯರೆಲ್ಲ ಒಟ್ಟಿಗೇ "ಓ" ಎಂದರು. ಒಬ್ಬಳು ಎದ್ದುಬಂದು ಪರದೆಯ ಮೇಲೆ ಬೆರಳಿಟ್ಟು, "ಅಜ್ಜಿ, ಪ್ರತಿಯೊಂದು ಇಟ್ಟಿಗೆಯಲ್ಲೂ ಒಂದೊಂದು ಚುಕ್ಕೆ ಇದೆಯಲ್ಲ, ಅದೇನು?" ಎಂದು ಕೇಳಿದಳು.

ಉತ್ತರ ಹೇಳುವುದಕ್ಕೆ ನನಗೆ ಒಂದು ಗಳಿಗೆ ಬೇಕಾಯಿತು. ಲ್ಯಾಬ್ ಟೆಕ್ನೀಷಿಯನ್ ಆಗಿ ಮೂವತ್ಮೂರು ವರ್ಷ ಆ ನಳಿಗೆಗೆ ಕಣ್ಣಿಟ್ಟು ಕೂತವಳು ನಾನು. ಅಷ್ಟು ವರ್ಷಗಳಲ್ಲಿ ನಾನು ಕಾಣುತ್ತಿದ್ದದ್ದರ ಮೇಲೆ ಇನ್ನೊಬ್ಬರು ಹೀಗೆ ಬೆರಳಿಟ್ಟು ಕೇಳಿರಲಿಲ್ಲ. ಕೇಳಲು ಸಾಧ್ಯವೂ ಇರಲಿಲ್ಲ. ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಗೂ ನಾಲ್ಕು ಕಿಂಡಿಗಳಿರುತ್ತಿದ್ದವು. ನಮ್ಮ ಮೈಕ್ರೋಸ್ಕೋಪಿಗೆ ಇದ್ದದ್ದು ಒಂದೇ. ನಾನು ನೋಡುವಾಗ ನೀವು ನೋಡಲಾರಿರಿ. ನೀವು ನೋಡುವಾಗ ನಾನು ಪಕ್ಕದಲ್ಲಿ ನಿಂತು ನಿಮ್ಮ ಮುಖ ನೋಡಬೇಕು.

ಸೂಕ್ಷ್ಮದರ್ಶಕದ ಚರಿತ್ರೆಯನ್ನು ಪುಸ್ತಕಗಳಲ್ಲಿ ಓದುವಾಗ, ಸಣ್ಣದನ್ನು ದೊಡ್ಡದು ಮಾಡಿ ನೋಡಿದ ಕತೆಯನ್ನೇ ಹೆಚ್ಚಾಗಿ ಹೇಳುತ್ತಾರೆ. ಕಂಡದ್ದನ್ನು ಇನ್ನೊಬ್ಬರು ನಂಬುವಂತೆ ಮಾಡಲು ಪಟ್ಟ ಪಾಡಿನ ಕತೆಯೂ ಅದರೊಳಗೇ ಇದೆ. ನನಗೆ ಆ ಕತೆಯ ಮೇಲೆಯೇ ಒಲವು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್‌ನಿಂದಲೇ ಆರಂಭಿಸೋಣ. ತಾನೇ ಉಜ್ಜಿ ಮಾಡಿದ ಸಾಸಿವೆಯಂಥ ಮಸೂರದಲ್ಲಿ ಮೆಣಸು ನೆನೆಹಾಕಿದ ನೀರನ್ನು ನೋಡಿ, ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ಓಡಾಡುತ್ತಿವೆಯೆಂದು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ದೊಡ್ಡ ವಿದ್ಯೆಯಿಲ್ಲದ ಅಂಗಡಿಯವನ ಮಾತು! ಅಲ್ಲಿಯವರು ಅನುಮಾನಿಸಿದರು. ಮರುವರ್ಷ ಆತ ಏನು ಮಾಡಿದ ಗೊತ್ತೇ? ಪಾದ್ರಿಗಳು, ನೋಟರಿ ಮುಂತಾಗಿ ಊರಿನ ಎಂಟು ಮಂದಿ ಗಣ್ಯರನ್ನು ಕರೆದು, ಒಬ್ಬೊಬ್ಬರಿಗೂ ತೋರಿಸಿ, 'ನಾವೂ ಕಂಡೆವು' ಎಂದು ಅವರಿಂದ ಬರೆಸಿ ಕಳಿಸಿಕೊಟ್ಟ. ಜಮೀನಿನ ಪತ್ರಕ್ಕೆ ಸಾಕ್ಷಿ ಹಾಕಿಸುವಂತೆ ನೀರಿನ ಹನಿಗೆ ಸಾಕ್ಷಿ! 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಲಂಡನ್ನಿನಲ್ಲಿಯೇ ಅವುಗಳನ್ನು ಸದಸ್ಯರಿಗೆ ತೋರಿಸಿದ ಮೇಲೆ ಮಾತು ನಿಂತಿತು.

ಲೇವನ್‌ಹುಕ್‌ನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಚಿತ್ರಗಾರರನ್ನು ಕೂರಿಸಿಕೊಂಡು ಬರೆಸುತ್ತಿದ್ದ. ಅವನ ಕಣ್ಣು, ಇನ್ನೊಬ್ಬನ ಕೈ. 1723ರಲ್ಲಿ ಆತ ತೀರಿಕೊಂಡಾಗ, ಕೊನೆಯವರೆಗೂ ಅವನೊಡನಿದ್ದ ಮಗಳು ಮಾರಿಯಾ ಬೆಳ್ಳಿಯ 26 ಮೈಕ್ರೋಸ್ಕೋಪುಗಳಿದ್ದ ಪೆಟ್ಟಿಗೆಯನ್ನು ಅಪ್ಪನ ಇಚ್ಛೆಯಂತೆ ಲಂಡನ್ನಿಗೆ ಕಳಿಸಿದಳು. ಅಷ್ಟು ಜೋಪಾನವಾಗಿ ಕಳಿಸಿದ ಆ ಪೆಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಳೆದೇಹೋಯಿತು.

ಆಮೇಲೆ ಬಹಳ ಕಾಲ ಚಿತ್ರವೇ ಸಾಕ್ಷಿ. ಒಂದು ಕಣ್ಣು ನಳಿಗೆಗೆ, ಇನ್ನೊಂದು ಕಣ್ಣು ಕಾಗದಕ್ಕೆ. 1806ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ 'ಕ್ಯಾಮೆರಾ ಲೂಸಿಡಾ' ಎಂಬ ಪುಟ್ಟ ಪಟ್ಟಕಕ್ಕೆ ಪೇಟೆಂಟ್ ಪಡೆದ. ಇಂಥದನ್ನು ಐಪೀಸಿನ ಮೇಲಿಟ್ಟರೆ ಒಳಗಿನ ನೋಟ ಕಾಗದದ ಮೇಲೆ ಬಿದ್ದಂತೆ ತೋರುತ್ತದೆ. ರಂಗೋಲಿಯ ಚುಕ್ಕೆ ಸೇರಿಸಿದಂತೆ ಪೆನ್ಸಿಲು ಓಡಿಸಿದರಾಯಿತು. ಹೆಸರಿಗೆ ಕ್ಯಾಮೆರಾ, ಆದರೆ ಚಿತ್ರ ಮೂಡಿಸುವುದು ಕೈಯೇ.

ಕೈಯನ್ನು ಬದಿಗಿಟ್ಟವರು ಪ್ಯಾರಿಸಿನ ವೈದ್ಯ ಆಲ್ಫ್ರೆಡ್ ಡೋನೆ ಮತ್ತು ಅವನ ತರುಣ ಜೊತೆಗಾರ ಲಿಯೋನ್ ಫೂಕೋ. ಆಗತಾನೇ ಬಂದಿದ್ದ ಡಾಗೆರೋಟೈಪ್ ಎಂಬ ಬೆಳ್ಳಿತಗಡಿನ ಫೋಟೋ ಕಲೆಯನ್ನು ಮೈಕ್ರೋಸ್ಕೋಪಿಗೆ ಜೋಡಿಸಿ, 1845ರಲ್ಲಿ ಒಂದು ಚಿತ್ರಸಂಪುಟವನ್ನೇ ಹೊರತಂದರು. ಈ ಡೋನೆ ನಮ್ಮ ಹೆಂಗಸರ ಲೋಕಕ್ಕೆ ಹತ್ತಿರದವನು. ಎದೆಹಾಲನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಿ, ಹಾಲೂಡಿಸುವ ದಾದಿಯರ ಹಾಲಿನ ಬಗ್ಗೆ 1837ರಲ್ಲಿಯೇ ಪುಸ್ತಕ ಬರೆದಿದ್ದವನು. ಆದರೆ ಬೆಳ್ಳಿತಗಡಿನ ಫೋಟೋ ಅಚ್ಚಿಗೆ ಬರುತ್ತಿರಲಿಲ್ಲ. ಅದನ್ನು ನೋಡಿ ಕೆತ್ತನೆಗಾರರು ಮತ್ತೆ ಕೈಯಿಂದಲೇ ಅಚ್ಚು ಕೆತ್ತಬೇಕಾಯಿತು. ಮುಂಬಾಗಿಲಿನಿಂದ ಕಳಿಸಿದ ಕೈ ಹಿತ್ತಿಲ ಬಾಗಿಲಿನಿಂದ ಒಳಬಂದಿತ್ತು.

ಕೈಯಿಂದ ಬರೆದರೆ ಏನು ತಪ್ಪು ಎಂದು ಕೇಳಬಹುದು. ಇಟಲಿಯ ಗಾಲ್ಗಿ, ಸ್ಪೇನಿನ ಕಹಾಲ್ ಇಬ್ಬರೂ ಒಂದೇ ಬಗೆಯ ಬಣ್ಣ ಹಾಕಿ ಮಿದುಳಿನ ನರಕೋಶಗಳನ್ನು ನೋಡಿದರು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡ ಬಲೆ ಎಂದು ಗಾಲ್ಗಿ ಕಂಡ. ಬಿಡಿಬಿಡಿ ಕೋಶಗಳು ಎಂದು ಕಹಾಲ್ ಕಂಡ. ಇಬ್ಬರಿಗೂ 1906ರ ನೊಬೆಲ್ ಬಹುಮಾನ ಒಟ್ಟಿಗೇ ಬಂತು, ಆಗಲೂ ಒಬ್ಬರ ಮಾತನ್ನು ಒಬ್ಬರು ಒಪ್ಪಲಿಲ್ಲ. ಕಹಾಲ್ ಹೇಳಿದ್ದು ಸರಿಯೆಂದು ಕಾಲ ತೀರ್ಮಾನಿಸಿತು. ಕಣ್ಣು ನೋಡುವಾಗ ಮನಸ್ಸೂ ಜೊತೆಗೆ ಕೂತಿರುತ್ತದೆ, ಅಲ್ಲವೇ?

ಜರ್ಮನಿಯ ರಾಬರ್ಟ್ ಕಾಖ್ ಈ ಕಾರಣಕ್ಕೇ ಫೋಟೋಗಳ ಬೆನ್ನುಹತ್ತಿ, 1877ರಲ್ಲಿ ಬ್ಯಾಕ್ಟೀರಿಯಾಗಳ ಫೋಟೋಗಳನ್ನು ಪ್ರಕಟಿಸಿದ. ಅವನ ಪ್ರಯೋಗಶಾಲೆಯಲ್ಲಿ ದುಡಿದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿಯ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಗಂಡನ ಲೇಖನಗಳಿಗೆ ಚಿತ್ರ ಬರೆದುಕೊಡುತ್ತಿದ್ದವಳು ಅವಳು. ಬ್ಯಾಕ್ಟೀರಿಯಾ ಬೆಳೆಸುವ ಜೆಲಾಟಿನ್ ಸೆಕೆಗೆ ಕರಗಿಹೋಗುತ್ತದೆಂದು ಗಂಡ ಒದ್ದಾಡುತ್ತಿದ್ದಾಗ, ತನ್ನ ಅಡುಗೆಮನೆಯ ಅಗರ್ ಬಳಸಿ ನೋಡಲು 1881ರಲ್ಲಿ ಹೇಳಿದ್ದೂ ಅವಳೇ. ನಾವು ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್ ಅದೇ ಪದಾರ್ಥ. ಮರುವರ್ಷ ಕ್ಷಯದ ಮೇಲಿನ ತನ್ನ ಲೇಖನದಲ್ಲಿ ಕಾಖ್ ಅಗರನ್ನು ಹೆಸರಿಸಿದ, ಫ್ಯಾನಿಯನ್ನು ಹೆಸರಿಸಲಿಲ್ಲ.

ಇನ್ನು ಮಲೇರಿಯಾ. ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಆ ಪರಾವಲಂಬಿಯನ್ನು ಕಂಡಾಗ ಎಷ್ಟೋ ವರ್ಷ ಬಹಳ ಮಂದಿ ನಂಬಲಿಲ್ಲ. ಭಾರತದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ರಾಸ್ ಕೂಡ ನಂಬಿರಲಿಲ್ಲ. ತಾನು ನೋಡಿದ ರಕ್ತದಲ್ಲಿ ಅವನಿಗೆ ಅದು ಕಂಡೇ ಇರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎದುರು ಕೂರಿಸಿಕೊಂಡು ತೋರಿಸಿದ ಮೇಲೆಯೇ ಅವನ ಕಣ್ಣು ತೆರೆದದ್ದು. ಮರಳಿ ಬಂದ ರಾಸ್ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದ. ನಡುವೆ ಕಾಲರಾ ತಡೆಯಲು ಅವನನ್ನು ಬೆಂಗಳೂರಿಗೆ ಕಳಿಸಿದರು. ಮತ್ತೆ ಸಿಕಂದರಾಬಾದಿಗೆ ಬಂದು, ಬೆವರಿನಿಂದ ತುಕ್ಕು ಹಿಡಿದ ತಿರುಪುಗಳ, ಒಡಕು ಐಪೀಸಿನ ಮೈಕ್ರೋಸ್ಕೋಪಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಗುರುತನ್ನು ಕಂಡ. ಆ ವರ್ಷವೇ ಪ್ರಕಟವಾದ ಅವನ ಲೇಖನಕ್ಕೆ ಚಿತ್ರಗಳಷ್ಟೇ ಸಾಲಲಿಲ್ಲ. ತಾನೂ ನೋಡಿದೆನೆಂದು ಇನ್ನೊಬ್ಬ ವೈದ್ಯ ಬರೆದ ಟಿಪ್ಪಣಿಯೂ ಜೊತೆಗಿತ್ತು. ಡೆಲ್ಫ್ಟಿನ ಎಂಟು ಸಾಕ್ಷಿಗಳಿಂದ 220 ವರ್ಷ ಕಳೆದಿದ್ದರೂ ಸಾಕ್ಷಿಯ ಹಂಗು ತಪ್ಪಿರಲಿಲ್ಲ.

ನನಗೂ ಒಬ್ಬ ಸಾಕ್ಷಿ ಬೇಕಾಗಿದ್ದ ದಿನವೊಂದಿತ್ತು.

1986ರ ಮಳೆಗಾಲ. ಬಿಸಿಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆ. ಆರು ತಿಂಗಳ ಬಸುರಿಯೊಬ್ಬಳು ಚಳಿಜ್ವರವೆಂದು ಬಂದಳು. ಬೆರಳು ಚುಚ್ಚಿ ರಕ್ತ ತೆಗೆದು, ಸ್ಲೈಡಿಗೆ ಬಣ್ಣ ಹಾಕಿ, ಎಣ್ಣೆಯ ಹನಿಯಿಟ್ಟು ನೂರರ ಮಸೂರದಲ್ಲಿ ಹುಡುಕಿದೆ. ಬಹಳ ಹೊತ್ತಿನ ಮೇಲೆ ಒಂದು ಕೆಂಪುಕಣದೊಳಗೆ ಪುಟ್ಟ ಉಂಗುರ ಕಂಡಿತು: ನೀಲಿ ಗೆರೆ, ಅದರ ಮೇಲೆ ಕೆಂಪು ಹರಳು. ಫಾಲ್ಸಿಪಾರಮ್. ಡಾಕ್ಟರನ್ನು ಕರೆದೆ. ಅವರು ಕನ್ನಡಕ ತೆಗೆದು ಬಗ್ಗಿದರು, ತಮ್ಮ ಕಣ್ಣಿಗೆ ತಕ್ಕಂತೆ ತಿರುಪು ತಿರುಗಿಸಿದರು, ಸ್ಲೈಡಿಗೆ ಬೆರಳು ತಾಗಿರಬೇಕು. ನೂರರ ಮಸೂರದ ಕೆಳಗೆ ಕೂದಲೆಳೆಯಷ್ಟು ಸರಿದರೂ ಬೇರೆ ಊರಿಗೇ ಹೋದಂತೆ. "ಏನೂ ಇಲ್ಲವಲ್ಲಮ್ಮ, ಬಣ್ಣದ ಕಸ ಇದ್ದೀತು" ಎಂದರು. ನಾನು ಬಗ್ಗಿ ನೋಡಿದರೆ ನನಗೂ ಕಾಣಲಿಲ್ಲ. ಹೊರಗೆ ಅರವತ್ತು ಜನ ಸಾಲು ನಿಂತಿದ್ದರು. "ಸರ್, ಒಂದು ನಿಮಿಷ" ಎಂದೆ. "ಬರೆದುಬಿಡಮ್ಮ" ಎಂದರು. ರಿಜಿಸ್ಟರಿನಲ್ಲಿ 'ಮಲೇರಿಯಾ ಕಂಡುಬಂದಿಲ್ಲ' ಎಂದು ಬರೆದೆ.

ಸಂಜೆ ಜನ ಕರಗಿದ ಮೇಲೆ ಮತ್ತೆ ಹುಡುಕಿದೆ. ಒಂದಲ್ಲ, ಎರಡು ಉಂಗುರ ಸಿಕ್ಕವು. ಅಷ್ಟರಲ್ಲಿ ಅವಳು ಬಸ್ಸು ಹತ್ತಿ ಹೋಗಿದ್ದಳು, ಡಾಕ್ಟರು ಮನೆಗೆ ಹೋಗಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಭಾನುವಾರವಾಗಿತ್ತು. ಸೋಮವಾರ ಹೇಳಿದೆ, ಊರಿಗೆ ಆರೋಗ್ಯ ಕಾರ್ಯಕರ್ತನನ್ನು ಕಳಿಸೋಣವೆಂದರು. ಅವನು ಹೊರಡುವ ಮೊದಲೇ ಅವಳನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಗಾಡಿಯಲ್ಲಿ ತಂದರು. ಕ್ವಿನೈನ್ ಹನಿಸಿ ಅವಳನ್ನು ಉಳಿಸಿಕೊಂಡೆವು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಹೋಗುವ ದಿನ ಲ್ಯಾಬಿನ ಬಾಗಿಲಿಗೆ ಬಂದು, "ನೀವರ ಏನ್ ಮಾಡ್ತೀರಿ ಬಿಡ್ರಿ ಅಕ್ಕಾರ, ಕಣ್ಣಿಗೆ ಕಾಣದ ಹುಳ ಅದು" ಎಂದು ನನಗೇ ಸಮಾಧಾನ ಹೇಳಿ ಹೋದಳು.

ನನಗೆ ಕಂಡಿತ್ತು. ಅದನ್ನು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ.

ಡಾಕ್ಟರನ್ನು ನಾನು ದೂರುವುದಿಲ್ಲ. ಅವರಿಗೆ ನಿಜವಾಗಿಯೂ ಕಂಡಿರಲಿಲ್ಲ. ಕಂಡವಳು ಕೈಯಾರೆ ಕಾಣಲಿಲ್ಲವೆಂದು ಬರೆದಳಲ್ಲ, ಅದು ನನ್ನ ಲೆಕ್ಕ. ಆ ಸ್ಲೈಡನ್ನೂ ನಮ್ಮಲ್ಲಿನ ರೂಢಿಯಂತೆ ತೊಳೆದು ಬೇರೆಯವರ ರಕ್ತಕ್ಕೆ ಬಳಸಿದೆವು. ಉಳಿದದ್ದು ರಿಜಿಸ್ಟರಿನ ಆ ಸಾಲು ಮಾತ್ರ. ಆ ವಾರವೇ ಐಪೀಸನ್ನು ಬಿಚ್ಚಿ, ನನ್ನ ರೆಪ್ಪೆಯ ಒಂದು ಕೂದಲನ್ನು ಒಳಗಿನ ಬಳೆಗೆ ಅಂಟಿಸಿದೆ. ನೋಡುವವರಿಗೆ ಅದು ಕಪ್ಪು ಮುಳ್ಳಿನಂತೆ ಕಾಣುತ್ತದೆ. ಹಳೆಯ ಲ್ಯಾಬಿನವರ ಉಪಾಯ ಅದು. "ಸರ್, ಮುಳ್ಳಿನ ತುದಿಯಲ್ಲಿ ನೋಡಿ, ಏನನ್ನೂ ಮುಟ್ಟಬೇಡಿ" ಎಂದು ಹೇಳುವಷ್ಟು ಧೈರ್ಯವೂ ಆಮೇಲೆ ಬಂತು.

ಅದೇ ಹೊತ್ತಿಗೆ ದೂರದ ದೇಶಗಳಲ್ಲಿ ಈ ಪುಟ್ಟ ಕ್ಯಾಮೆರಾದ ಪೂರ್ವಜರು ಆಗಲೇ ಹುಟ್ಟಿದ್ದವು. ಬೆಳಕನ್ನು ವಿದ್ಯುತ್ತಾಗಿಸಿ ಹಿಡಿದಿಡುವ ಸಿ.ಸಿ.ಡಿ. ಎಂಬ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ 1969ರಲ್ಲಿ ಯೋಚಿಸಿದರು. ಅದಕ್ಕಾಗಿ 2009ರ ನೊಬೆಲ್ ಪಡೆದರು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವ್ ಸ್ಯಾಸನ್ ಅಂಥ ಬಿಲ್ಲೆಯಿಂದ ಮಾಡಿದ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈಗ ನಮ್ಮ ಶಾಲೆಯ ಕ್ಯಾಮೆರಾ ಚಲಿಸುವ ನೋಟವನ್ನೇ ಪರದೆಗೆ ಹರಿಸುತ್ತದೆ.

ಆದರೆ ಇದನ್ನು ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಕ್ಯಾಮೆರಾ ಹಾಕಿದರೆ ಮೈಕ್ರೋಸ್ಕೋಪಿನ ಶಕ್ತಿ ಹೆಚ್ಚುವುದಿಲ್ಲ. ಬೆಳಕಿನಿಂದ ನೋಡುವ ಮಾಮೂಲು ಮೈಕ್ರೋಸ್ಕೋಪು ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಅದಕ್ಕೊಂದು ಮಿತಿಯಿದೆಯೆಂದು ಜರ್ಮನಿಯ ಅಬ್ಬೆ 1873ರಲ್ಲಿಯೇ ತೋರಿಸಿಕೊಟ್ಟ. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ, ಉಂಡೆಯನ್ನು ಲಟ್ಟಿಸಿದಂತೆ. ಚಪಾತಿ ಅಗಲವಾಗುತ್ತದೆ, ಹಿಟ್ಟು ಹೆಚ್ಚುವುದಿಲ್ಲ. ಬಿಲ್ಲೆ ಚಿಕ್ಕದಾದ್ದರಿಂದ ಕಣ್ಣಿಗೆ ಕಾಣುವ ವೃತ್ತದ ನಡುಭಾಗವಷ್ಟೇ ಪರದೆಗೆ ಬರುತ್ತದೆ. ಹಳೆಯ ಬಲ್ಬಿನ ಬೆಳಕಿಗೆ ಎಲ್ಲವೂ ಅರಿಸಿನ ಬಳಿದಂತೆ ಕಾಣುವುದರಿಂದ ಬಿಳಿ ಬಣ್ಣವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅಳತೆ ಬೇಕಾದರೆ, ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗೀಟುಗಳ ಸ್ಲೈಡನ್ನು ಮೊದಲು ಇಟ್ಟು ನೋಡಬೇಕು. ಇನ್ನು, ಸ್ಲೈಡಿನ ಯಾವ ಮೂಲೆಯ ಫೋಟೋ ತೆಗೆಯಬೇಕೆಂದು ಆರಿಸುವುದು ಇಂದಿಗೂ ಮನುಷ್ಯರೇ. ಆದ್ದರಿಂದ ಫೋಟೋ ಸುಳ್ಳು ಹೇಳದೆಂದು ನಾನು ಹುಡುಗಿಯರಿಗೆ ಹೇಳಿಕೊಡುವುದಿಲ್ಲ.

ಇಷ್ಟಾದರೂ ಅದರಿಂದ ಏನು ಲಾಭವೆಂದು ಹೋದ ತಿಂಗಳು ಕಂಡೆ. ಕೆರೆಯ ನೀರಿನ ಹನಿಯಿಟ್ಟು ಎಲ್ಲರೂ ಪರದೆ ನೋಡುತ್ತಿದ್ದೆವು. ಹಿಂದಿನ ಬೆಂಚಿನಲ್ಲಿ ಕೂರುವ, ಮಾತೇ ಆಡದ ಹುಡುಗಿಯೊಬ್ಬಳು, "ಎಡಗಡೆ ಅಂಚಿನಲ್ಲಿ ಏನೋ ಹಾದುಹೋಯಿತು" ಎಂದಳು. ಉಳಿದವರು ನಕ್ಕರು. ನನಗೂ ಕಂಡಿರಲಿಲ್ಲ. ಅವಳು ತಲೆ ತಗ್ಗಿಸಿ, "ನನಗೇ ಹಾಗೆ ಅನ್ನಿಸಿರಬೇಕು" ಎಂದು ಸುಮ್ಮನಾಗತೊಡಗಿದಳು.

ಕ್ಯಾಮೆರಾ ಅಷ್ಟನ್ನೂ ದಾಖಲಿಸುತ್ತಿತ್ತು. ಹಿಂದಕ್ಕೆ ತಿರುಗಿಸಿ ನಿಧಾನವಾಗಿ ಓಡಿಸಿದೆವು. ಎಡ ಅಂಚಿನಲ್ಲಿ ಚಪ್ಪಲಿಯಾಕಾರದ ಪ್ಯಾರಮೀಸಿಯಮ್ ಒಂದು ಸರಕ್ಕನೆ ಬಂದು ಮರೆಯಾಯಿತು. ತರಗತಿ ಸದ್ದಿಲ್ಲದೆ ನೋಡಿತು, ಇನ್ನೊಮ್ಮೆ ಓಡಿಸಲು ಕೇಳಿತು.

ಶಾಲೆಯ ನೋಟ್‌ಬುಕ್ಕಿನಲ್ಲಿ ಅದನ್ನು ದಾಖಲಿಸಬೇಕಾಗಿತ್ತು. ಪೆನ್ನು ನನ್ನ ಕೈಯಲ್ಲಿತ್ತು. ಅದನ್ನು ಅವಳಿಗೆ ಕೊಟ್ಟು, ತಾರೀಖು ಹಾಕಿ ಕಂಡದ್ದನ್ನು ಕಂಡಂತೆ ಬರೆದು, ಕೆಳಗೆ ತನ್ನ ಹೆಸರನ್ನೇ ಬರೆಯಲು ಹೇಳಿದೆ.