ಮೂಕಿಯ ಮೇಲಿನ ಭಾರ

1914ರಲ್ಲಿ ಡೆಟ್ರಾಯಿಟ್‌ನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿಗೆ ತನ್ನ ದೋಣಿಯನ್ನು ಮಿಶಿಗನ್‌ ರಾಜ್ಯದ ಉತ್ತರಕ್ಕಿದ್ದ ಸರೋವರವೊಂದರ ದಂಡೆಗೆ ಒಯ್ಯಬೇಕಿತ್ತು. ಕೈಯಲ್ಲಿದ್ದದ್ದು ಒಂದು ಫೋರ್ಡ್ ಮಾಡೆಲ್ ಟಿ ಕಾರು. ಕುದುರೆಗಳಿಗೆ ಲಾಳ ಹೊಡೆದು, ಗಾಡಿಗಳನ್ನು ಕಟ್ಟಿ ಊರಲ್ಲಿ ಹೆಸರು ಮಾಡಿದ್ದ ಕಮ್ಮಾರ ಆಗಸ್ಟ್ ಫ್ರೂಹಾಫ್‌ನನ್ನು ಆತ ಕೇಳಿಕೊಂಡ. ಫ್ರೂಹಾಫ್ ತನ್ನ ಜೊತೆಗಾರ ಆಟೊ ನ್ಯೂಮನ್‌ನೊಂದಿಗೆ ಸೇರಿ ಎರಡು ಚಕ್ರದ ಬಂಡಿಯೊಂದನ್ನು ಕಟ್ಟಿದ. ಕಾರಿನ ಹಿಂಭಾಗವನ್ನು ಕಳಚಿ, ಅಲ್ಲಿ ಕೊಂಡಿ ಕೂರಿಸಿ, ಬಂಡಿಯ ಮೂಕಿಯನ್ನು ಅದಕ್ಕೆ ಸಿಕ್ಕಿಸಿದ. ದೋಣಿ ಸುಖವಾಗಿ ಸರೋವರ ತಲುಪಿತು. ಕೆಲಸ ಹಿಡಿಸಿದ ಸಿಬ್ಲಿ ತನ್ನ ಮರದ ಮಂಡಿಗೂ ಅಂಥದ್ದೇ ಬಂಡಿ ಬೇಕೆಂದ. 1918ರ ಹೊತ್ತಿಗೆ ಫ್ರೂಹಾಫ್ ಟ್ರೇಲರ್ ಕಂಪನಿ ತಲೆಯೆತ್ತಿತ್ತು.

ಕುದುರೆ ಬೆನ್ನ ಮೇಲೆ ಹೊರುವುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಎಳೆಯಬಲ್ಲದು ಎಂಬುದು ಲಾಳ ಹೊಡೆಯುವವನಿಗೆ ಹುಟ್ಟಿನಿಂದ ಗೊತ್ತಿದ್ದ ಮಾತು. ಮೋಟಾರಿಗೂ ಅದೇ ಲೆಕ್ಕ ಎಂದು ಫ್ರೂಹಾಫ್ ಕಂಡುಕೊಂಡ. ಇಂದು ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು, ಅದಕ್ಕೆ ಕೊಂಡಿ, ವೈರು, ಬ್ರೇಕುಗಳನ್ನು ಕೂರಿಸಿ ಟ್ರೇಲರ್ ಎಳೆಯಲು ಹೊರಡುವ ಪ್ರತಿಯೊಬ್ಬನೂ ಸಿಬ್ಲಿಯ ದಾರಿಯಲ್ಲೇ ನಡೆಯುತ್ತಿದ್ದಾನೆ. ಬೇರೆ ಕೆಲಸಕ್ಕೆಂದು ಹುಟ್ಟಿದ ಗಾಡಿಯನ್ನು ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುವ ದಾರಿ ಅದು. ಎಂಜಿನ್ನಿನ ಬಲದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಈ ಕಸುಬು ನಿಜವಾಗಿ ಕಲಿತದ್ದು ಮಾತ್ರ ಜೋಡಿಸುವುದನ್ನು ಮತ್ತು ನಿಲ್ಲಿಸುವುದನ್ನು. ಅದನ್ನು ಕಲಿಯಲು ಅದಕ್ಕೆ ದಶಕಗಳೇ ಹಿಡಿದವು.

ಪಿಕಪ್ ಹುಟ್ಟಿದ್ದೂ ಜನರ ಕೈಯಲ್ಲೇ. ಮಾಡೆಲ್ ಟಿ ಕೊಂಡ ರೈತರು ಅದರ ಹಿಂದಿನ ಸೀಟು ಕಿತ್ತು, ಮರದ ಪೆಟ್ಟಿಗೆ ಕೂರಿಸಿ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಂದಿಮರಿ ಎಲ್ಲವನ್ನೂ ಸಾಗಿಸುತ್ತಿದ್ದರು. ಅದನ್ನು ಕಂಡ ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ತಾನೇ ಅಂಥದ್ದೊಂದು ಗಾಡಿಯನ್ನು ಕಾರ್ಖಾನೆಯಿಂದ ಹೊರಬಿಟ್ಟಿತು. ಬೆಲೆ 281 ಡಾಲರ್. ಎಂಜಿನ್ 20 ಅಶ್ವಶಕ್ತಿಯದು. ಹಿಂದಿನ ಉಕ್ಕಿನ ಪೆಟ್ಟಿಗೆ 56 ಇಂಚು ಉದ್ದ, ಸುಮಾರು 40 ಇಂಚು ಅಗಲ. ಮೊದಲ ವರ್ಷವೇ ಸುಮಾರು 34 ಸಾವಿರ ಗಾಡಿಗಳು ತಯಾರಾದವು. ಮುಂದೆ ಬಂದ ಮಹಾಕುಸಿತದ ವರ್ಷಗಳಲ್ಲಿ ಓಕ್ಲಹೋಮ, ಟೆಕ್ಸಸ್ ಕಡೆಯ ಹೊಲಗಳು ಧೂಳಾಗಿ ಹಾರಿಹೋದವು. ಆಗ ಹಳೆಯ ಕಾರಿನ ಹಿಂಭಾಗ ಕತ್ತರಿಸಿ, ಮನೆಮಂದಿ, ಹಾಸಿಗೆ, ಒಲೆ ಎಲ್ಲವನ್ನೂ ಹೇರಿಕೊಂಡು ಕ್ಯಾಲಿಫೋರ್ನಿಯಾದ ದಾರಿ ಹಿಡಿದವರ ಫೋಟೋಗಳು ಅಮೆರಿಕದ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿವೆ. ಹೊಸ ಗಾಡಿ ಕೊಳ್ಳಲಾಗದವನ ಕೈಗೆ ಸಿಕ್ಕಿದ ಹಳೆಯ ಗಾಡಿ ಈ ಚರಿತ್ರೆಯುದ್ದಕ್ಕೂ ಇದೆ.

ಅದೇ ದಶಕದಲ್ಲಿ ಇನ್ನೊಂದು ಬಗೆಯ ಟ್ರೇಲರ್ ಕೂಡ ರಸ್ತೆಗಿಳಿಯಿತು. ಡೆಟ್ರಾಯಿಟ್‌ನ ಸೂಕ್ಷ್ಮಜೀವಿ ವಿಜ್ಞಾನಿ, ಔಷಧ ಕಂಪನಿಯ ಒಡೆಯ ಆರ್ಥರ್ ಶರ್ಮನ್ 1929ರಲ್ಲಿ ಐದು ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದೆಂಬ ಜಾಹೀರಾತು ನಂಬಿ ಒಂದು ಡೇರೆ ಟ್ರೇಲರ್ ಕೊಂಡು ಹೆಂಡತಿ ಮಕ್ಕಳೊಂದಿಗೆ ಹೊರಟ. ದಾರಿಯಲ್ಲಿ ಮಳೆ ಹಿಡಿಯಿತು. ಐದು ನಿಮಿಷದಲ್ಲಿ ಅದು ಏಳಲಿಲ್ಲ. ಎಲ್ಲರೂ ತೊಯ್ದು ತೊಪ್ಪೆಯಾದರು. ಮನೆಗೆ ಮರಳಿದವನೇ ಗಟ್ಟಿ ಗೋಡೆಯ, ಪೆಟ್ಟಿಗೆಯಂಥ ಟ್ರೇಲರ್ ಕಟ್ಟಿಸಿದ. ಮಕ್ಕಳು ಅದನ್ನು ‘ಕವರ್ಡ್ ವ್ಯಾಗನ್’ ಎಂದು ಕರೆದರು. ಪಶ್ಚಿಮಕ್ಕೆ ವಲಸೆ ಹೋದವರ ಕಮಾನು ಬಂಡಿಗಳ ಹೆಸರು ಅದು. ಅದೇ ಹೆಸರಿನ ಅವನ ಕಂಪನಿ ಮೂವತ್ತರ ದಶಕದ ನಡುವೆ ದೇಶದ ಅತಿ ದೊಡ್ಡ ಟ್ರೇಲರ್ ತಯಾರಕನಾಯಿತು. 1936ರಲ್ಲಿ ವಾಲಿ ಬಯಮ್‌ನ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅಲ್ಯೂಮಿನಿಯಂ ಮೈ ಹೊತ್ತು ಬಂತು. ವಿಮಾನ ಕಟ್ಟಿ ಹೆಸರಾದ ಗ್ಲೆನ್ ಕರ್ಟಿಸ್ ಅದಕ್ಕೂ ಮುಂಚೆಯೇ ‘ಏರೋಕಾರ್’ ಎಂಬ ಟ್ರೇಲರ್ ಮಾಡಿದ್ದ; ಎಳೆಯುವ ಕಾರಿನ ಹಿಂಭಾಗದಲ್ಲಿ ವಿಮಾನದ ಟೈರೊಂದನ್ನು ಅಡ್ಡ ಮಲಗಿಸಿ, ಅದರ ನಡುವಿಗೇ ಟ್ರೇಲರಿನ ಕೊಂಡಿ ಇಳಿಸಿ ಕುಲುಕಾಟ ತಗ್ಗಿಸಿದ್ದ. ಪಿಕಪ್ಪಿನ ಪೆಟ್ಟಿಗೆಯ ನಡುವೆಯೇ ಜೋಡಿಸುವ ಇಂದಿನ ಕೊಂಡಿಗೆ ‘ಫಿಫ್ತ್ ವ್ಹೀಲ್’ ಎಂದೇ ಹೆಸರು. ಆ ಮಾತು ಇನ್ನೂ ಹಳೆಯದು. ಕುದುರೆ ಸಾರೋಟಿನ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಇಡುತ್ತಿದ್ದ ಬಳೆಯೇ ಆ ಐದನೆಯ ಚಕ್ರ.

ಇಷ್ಟಾದರೂ ಸಾಮಾನ್ಯ ಮನುಷ್ಯನ ಕೈಗೆ ಟ್ರೇಲರ್ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1945ರಲ್ಲಿ ನೌಕಾಪಡೆಯಿಂದ ಬಿಡುಗಡೆಯಾದ ಎಲ್. ಎಸ್. ಶೋಯೆನ್ ಲಾಸ್ ಏಂಜಲೀಸ್‌ನಿಂದ ಪೋರ್ಟ್‌ಲೆಂಡ್‌ಗೆ ಮನೆ ಸಾಗಿಸಲು ಬಾಡಿಗೆ ಟ್ರೇಲರ್ ಹುಡುಕಿದ. ಕೊಂಡುಹೋದದ್ದನ್ನು ವಾಪಸು ತಂದೇ ಒಪ್ಪಿಸಬೇಕಿತ್ತು. ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಡುವ ಏರ್ಪಾಡು ಎಲ್ಲೂ ಇರಲಿಲ್ಲ. ಅವನೂ ಹೆಂಡತಿಯೂ ಐದು ಸಾವಿರ ಡಾಲರ್ ಹೂಡಿ, ವಾಷಿಂಗ್ಟನ್ ರಾಜ್ಯದ ರಿಡ್ಜ್‌ಫೀಲ್ಡ್‌ನಲ್ಲಿ ಯು-ಹಾಲ್ ಕಂಪನಿಯನ್ನು ಶುರುಮಾಡಿದರು. ಯಾರ ಕಾರಿಗಾದರೂ, ಯಾವ ಊರಿನಲ್ಲಾದರೂ ಸಿಕ್ಕಿಸಬೇಕೆಂದರೆ ಕೊಂಡಿಗೊಂದು ಅಳತೆ ಬೇಕು. ಇಂದಿಗೂ ಬಳಕೆಯಲ್ಲಿರುವ ಕಬ್ಬಿಣದ ಗುಂಡಿನ ಅಳತೆಗಳು ಮುಖ್ಯವಾಗಿ ಮೂರೇ: ಒಂದು ಮುಕ್ಕಾಲಿಗಿಂತ ತುಸು ಹೆಚ್ಚು, ಎರಡು, ಎರಡೂಕಾಲಿಗಿಂತ ತುಸು ಹೆಚ್ಚು ಇಂಚು. ಎರಡಿಂಚಿನ ಬಟ್ಟಲಿಗೆ ಚಿಕ್ಕ ಗುಂಡನ್ನು ಸಿಕ್ಕಿಸಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಮೊದಲ ಗುಂಡಿಯಲ್ಲಿ ಟ್ರೇಲರ್ ಕಳಚಿಕೊಂಡು ಹೋಗುತ್ತದೆ.

ಇನ್ನು ಭಾರದ ಮಾತು. ಎತ್ತಿನ ಗಾಡಿ ಹೂಡಿದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿ ಹಿಂಬಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಮುಂಬಾರವಾದರೆ ನೊಗ ಹೆಗಲನ್ನು ಜಜ್ಜುತ್ತದೆ. ತೀರ ಸಮವಾದರೂ ಗಾಡಿ ನಿಲ್ಲದೆ ತೂಗಾಡುತ್ತದೆ. ತುಸುವೇ ಮುಂಬಾರವಾಗುವಂತೆ ಮೂಟೆ ಜೋಡಿಸುವುದು ಹೇರುವವನ ಕೈಗುಣ. ಅಮೆರಿಕದ ಟ್ರೇಲರ್ ಮಂದಿ ಈ ಮಾತಿಗೆ ಲೆಕ್ಕ ಕಟ್ಟಿದರು. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಕೂರಬೇಕು. 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಟ್ರೇಲರ್ ಆದರೆ ಮೂಕಿಯ ಮೇಲೆ 227ರಿಂದ 340 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಬಾಲ ಬಡಿಯತೊಡಗುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಮುಂದಿನ ಗಾಡಿಯನ್ನೂ ಜೊತೆಗೆ ಅತ್ತಿತ್ತ ಎಳೆದಾಡುತ್ತ. ಮೂಕಿಯ ಭಾರ ಮಿತಿಮೀರಿದರೋ ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಸ್ಪ್ರಿಂಗ್ ಪಟ್ಟಿಗಳನ್ನು ಸನ್ನೆಗೋಲಿನಂತೆ ಬಳಸಿ ಆ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ ಬಂದದ್ದು ಇದಕ್ಕಾಗಿಯೇ.

ನಿಲ್ಲಿಸುವ ವಿದ್ಯೆ ಇನ್ನೂ ಸೊಗಸಾದದ್ದು. ವಿಸ್ಕಾನ್ಸಿನ್‌ನ ಬಿಲಾಯಿಟ್ ಊರಿನಲ್ಲಿ 1927ರಲ್ಲಿ ಶುರುವಾದ ವಾರ್ನರ್ ಎಲೆಕ್ಟ್ರಿಕ್ ಕಂಪನಿಯ ಹೆಸರು ಇದರೊಂದಿಗೆ ಬೆಸೆದುಕೊಂಡಿದೆ. ಟ್ರೇಲರ್ ಚಕ್ರದ ಡ್ರಮ್ಮಿನೊಳಗೆ ಅಂಗೈಯಲ್ಲಿ ಹಿಡಿಸುವಂಥ, ತಾಮ್ರದ ತಂತಿ ಸುತ್ತಿದ ಅಯಸ್ಕಾಂತ ಒಂದಿರುತ್ತದೆ. ಮುಂದೆ ಪಿಕಪ್ಪಿನಲ್ಲಿ ಕೂತವನು ಬ್ರೇಕು ತುಳಿದೊಡನೆ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಅಯಸ್ಕಾಂತ ತಿರುಗುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಳ್ಳಲು ಹೋಗುತ್ತದೆ. ಡ್ರಮ್ಮು ಅದನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಆ ಎಳೆತಕ್ಕೆ ಅಯಸ್ಕಾಂತ ಕೂತಿರುವ ತೋಳು ವಾಲಿ, ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಚಕ್ರದ ಓಟವೇ ಚಕ್ರಕ್ಕೆ ತಡೆಯಾಗುತ್ತದೆ. ಎಷ್ಟು ಕರೆಂಟು ಹರಿಯಬೇಕೆಂದು ಗೊತ್ತುಮಾಡುವ ಪುಟ್ಟ ಪೆಟ್ಟಿಗೆಯನ್ನು ಚಾಲಕನ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಅದರಲ್ಲೊಂದು ಸಣ್ಣ ಹಿಡಿ. ಟ್ರೇಲರ್ ಓಲಾಡತೊಡಗಿದರೆ ಪಿಕಪ್ಪಿನ ಬ್ರೇಕು ಮುಟ್ಟದೆ, ಆ ಹಿಡಿಯನ್ನಷ್ಟೇ ಒತ್ತಿ ಟ್ರೇಲರನ್ನು ಹಿಂದಕ್ಕೆ ಜಗ್ಗಬಹುದು.

ಮಂಡ್ಯ, ಬೆಳಗಾವಿ ಕಡೆ ಕಬ್ಬು ನುರಿಸುವ ಕಾಲದಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಸಾಲುಗಟ್ಟಿ ಹೋಗುವುದನ್ನು ಕಂಡವರಿಗೆ ಈ ಪುಟ್ಟ ಪೆಟ್ಟಿಗೆಯ ಬೆಲೆ ಗೊತ್ತಾಗುತ್ತದೆ. ಅಂಥ ಬಹಳಷ್ಟು ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕು ಇರುವುದಿಲ್ಲ. ಇಳಿಜಾರಿನಲ್ಲಿ ಇಡೀ ಹೊರೆ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಸೀಟಿನಲ್ಲಿ ಕೂತ ಹುಡುಗನ ಜೀವ ಅವನ ಕಾಲಡಿಯ ಒಂದು ಪೆಡಲಿನ ಮೇಲೆ ನಿಂತಿರುತ್ತದೆ.

ಅಮೆರಿಕದ ಪಿಕಪ್ಪಿಗೆ ಎಳೆಯುವ ಬಲ ದೊಡ್ಡ ಮಟ್ಟದಲ್ಲಿ ಬಂದದ್ದು ಆಮೇಲೆ. 1975ರಲ್ಲಿ ಬಂದ ಫೋರ್ಡ್ ಎಫ್-150 ಹುಟ್ಟಿಗೆ ಒಂದು ಕಾನೂನು ಕಾರಣ. ಹೊರೆ ಸೇರಿ 6,000 ಪೌಂಡಿಗಿಂತ ಹೆಚ್ಚು ತೂಗುವ ಗಾಡಿಗಳಿಗೆ ಹೊಗೆ ಶುದ್ಧಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿರಲಿಲ್ಲ. ಆ ಗೆರೆ ದಾಟಲೆಂದೇ ಎಫ್-100 ಪಿಕಪ್ಪಿಗಿಂತ ತುಸು ಗಟ್ಟಿಯಾಗಿ ಅದನ್ನು ಕಟ್ಟಿದರು. ಆದರೆ ಟ್ರೇಲರ್ ಎಳೆಯುವವರು ಇಂದಿಗೂ ಹುಡುಕಿಕೊಂಡು ಹೋಗುವುದು 1989ರ ಡಾಡ್ಜ್ ಪಿಕಪ್ಪನ್ನು. ಅದರಲ್ಲಿ ಕೂತದ್ದು ಕಮಿನ್ಸ್ ಕಂಪನಿಯ 5.9 ಲೀಟರಿನ, ಆರು ಸಿಲಿಂಡರಿನ ಟರ್ಬೋ ಡೀಸೆಲ್. ಶಕ್ತಿ 160 ಅಶ್ವಶಕ್ತಿಯಷ್ಟೇ, ಆದರೆ ತಿರುಚು ಬಲ 400 ಪೌಂಡ್-ಅಡಿ. ಅದೂ ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ. ಕೃಷಿ ಯಂತ್ರಗಳ ಕೇಸ್ ಕಂಪನಿಯೊಂದಿಗೆ ಸೇರಿ ರೂಪಿಸಿದ, ಟ್ರ್ಯಾಕ್ಟರಿಗೂ ಲಾರಿಗೂ ಸಲ್ಲುವ ಎಂಜಿನ್ ಅದು. ಡೀಸೆಲ್ಲನ್ನು ಚಿಮ್ಮಿಸುವ ಪಂಪಿನಿಂದ ಹಿಡಿದು ಎಲ್ಲವೂ ಕಬ್ಬಿಣದ ಕೆಲಸ, ಕಂಪ್ಯೂಟರಿನ ಹಂಗಿಲ್ಲ. 1993ರಲ್ಲಿ ಕೈಜೋಡಿಸಿದ ಟಾಟಾ ಮತ್ತು ಕಮಿನ್ಸ್ ಜಮ್‌ಶೆಡ್‌ಪುರದಲ್ಲಿ ಕಟ್ಟಿದ ಕಾರ್ಖಾನೆಯಿಂದ ಹೊರಬಂದದ್ದೂ ಇದೇ ಮನೆತನದ ಎಂಜಿನ್. ಶಿರಾಡಿ ಘಾಟಿಯಲ್ಲಿ ಏದುಸಿರು ಬಿಡದೆ ಏರಿದ ಎಷ್ಟೋ ಟಾಟಾ ಲಾರಿಗಳ ಎದೆಯೊಳಗೂ ಟೆಕ್ಸಸ್‌ನ ದನದ ಟ್ರೇಲರ್ ಎಳೆದ ಪಿಕಪ್ಪಿನ ಎದೆಯೊಳಗೂ ಬಡಿಯುತ್ತಿದ್ದದ್ದು ಒಂದೇ ಮಿಡಿತ.

ಇಂಥ ಗಾಡಿ ಹಳತಾಗಿ ಮಾರಾಟಕ್ಕೆ ನಿಂತಾಗ ಅದರ ಪೂರ್ವಕಥೆ ಗೊತ್ತಿರುವುದು ಮಾರುವವನಿಗೆ ಮಾತ್ರ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಪ್ರಬಂಧಕ್ಕೆ ಹಳೆಯ ಕಾರುಗಳ ಸಂತೆಯೇ ವಸ್ತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗದ ಗಿರಾಕಿ ಎಲ್ಲಕ್ಕೂ ನಡುವಿನ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯ ಒಡೆಯ ಮಾರುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟದ್ದೇ. ಈ ವಿಚಾರಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಸಂದಿತು. ಅಮೆರಿಕದ ಕಾನೂನು ತನ್ನ ಕೈಲಾದದ್ದನ್ನು ಮಾಡಿತು. 1972ರ ಕಾಯಿದೆ ಮೈಲಿ ಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ಅಪರಾಧವಾಗಿಸಿತು. 1981ರಿಂದ ಪ್ರತಿ ಗಾಡಿಗೂ 17 ಅಕ್ಷರ-ಅಂಕಿಗಳ ಗುರುತು ಬಂತು. 1985ರಿಂದ ಹಳೆಯ ಗಾಡಿ ಮಾರುವ ಅಂಗಡಿಯವನು ಗ್ಯಾರಂಟಿ ಉಂಟೋ ಇಲ್ಲವೋ ಎಂಬುದನ್ನು ಗಾಜಿಗೆ ಅಂಟಿಸಿದ ಚೀಟಿಯಲ್ಲೇ ಹೇಳಬೇಕಾಯಿತು.

ಎಷ್ಟು ಎಳೆಯಬಲ್ಲದು ಎಂಬ ಅಂಕಿಯನ್ನು ಮಾತ್ರ ಬಹಳ ಕಾಲ ಆಯಾ ಕಂಪನಿ ತನಗೆ ತೋಚಿದ ಲೆಕ್ಕದಲ್ಲಿ ಬರೆದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಅಳತೆಗೋಲು, ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ರೂಪಿಸಿದ ಜೆ2807 ಎಂಬ ಮಾನದಂಡ, ಪ್ರಕಟವಾದದ್ದು 2008ರಲ್ಲಿ. ಅದರ ಪರೀಕ್ಷೆಯ ಕಣ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರು. ಹನ್ನೊಂದು ಮೈಲಿಗೂ ಮಿಕ್ಕಿದ ಆ ದಾರಿಯನ್ನು 38 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ತುಂಬಿದ ಟ್ರೇಲರ್ ಎಳೆಯುತ್ತ, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಏರಬೇಕು. ಮೊದಲು ಒಪ್ಪಿಕೊಂಡದ್ದು ಟೊಯೊಟಾ, 2011ರ ಟಂಡ್ರಾ ಮಾದರಿಗೆ. ಹೊಸ ಲೆಕ್ಕದಲ್ಲಿ ತನ್ನದೇ ಅಂಕಿ ಇಳಿದರೂ ಅದನ್ನೇ ಅಚ್ಚುಹಾಕಿತು, ಮೆಚ್ಚಬೇಕಾದ ಕೆಲಸ. ಉಳಿದವರು ಕೆಲವು ವರ್ಷ ಕಾದರು. ಹೀಗಾಗಿ ಅದಕ್ಕೂ ಹಿಂದಿನ ಪಿಕಪ್ ಕೊಳ್ಳುವವನು ಜಾಹೀರಾತಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಅವನು ಕಣ್ಣು ತೆರೆದು ನೋಡಬೇಕಾದದ್ದು ಗಾಡಿಯ ಹೊಟ್ಟೆಯನ್ನು. ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯ ಹಿಂಬದಿಯಿಂದ ತಟ್ಟಿದಾಗ ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ತುಕ್ಕು ತಿಂದದ್ದು ಹಲಗೆಯಂತೆ ಸದ್ದಡಗಿ ನುಡಿಯುತ್ತದೆ. ಗೇರ್ ಬಾಕ್ಸಿನ ಅಳತೆ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರೆ ಆಟೊಮ್ಯಾಟಿಕ್‌ನ ಎಣ್ಣೆ ಕೆಂಪಾಗಿ ತಿಳಿಯಾಗಿರಬೇಕು. ಕಂದಾಗಿ ಸೀದ ವಾಸನೆ ಹೊಡೆದರೆ ಭಾರ ಎಳೆದು ಒಳಗೆ ಬೆಂದಿದೆ ಎಂದರ್ಥ. ಕೊಂಡಿಯ ಪಿನ್ನು ಕೂರುವ ತೂತು ಗುಂಡಗೇ ಇದೆಯೋ, ಜಗ್ಗಿ ಜಗ್ಗಿ ಮೊಟ್ಟೆಯಾಕಾರಕ್ಕೆ ತಿರುಗಿದೆಯೋ ನೋಡಬೇಕು. ಇದು ಯಾವತ್ತೂ ಟ್ರೇಲರ್ ಎಳೆದದ್ದೇ ಅಲ್ಲ ಎಂದು ಮಾರುವವನು ಹೇಳುತ್ತಿರುವಾಗ, ಡ್ಯಾಶ್‌ಬೋರ್ಡಿನ ಕೆಳಗೆ ಬೆರಳಾಡಿಸಿದರೆ ಕೆಲವೊಮ್ಮೆ ಎರಡು ಸಣ್ಣ ತೂತುಗಳು ತಗಲುತ್ತವೆ: ಬಿಚ್ಚಿಟ್ಟ ಬ್ರೇಕ್ ಪೆಟ್ಟಿಗೆಯ ಸ್ಕ್ರೂ ಕೂತಿದ್ದ ಜಾಗ. ಪಕ್ಕದಲ್ಲೇ ತುದಿಗೆ ಕಪ್ಪು ಟೇಪು ಸುತ್ತಿ ಮೇಲೆ ತುರುಕಿದ ನೀಲಿ ವೈರು.

ಕೊಂಡ ಮೇಲೆ ಮಾಡಿಸುವ ಕೆಲಸಗಳಿಗೂ ಒಂದು ಕ್ರಮವಿದೆ. ಚಾಸಿಗೆ ಬೋಲ್ಟು ಹಾಕಿದ ಹೊಸ ಕೊಂಡಿ, ಗೇರ್ ಎಣ್ಣೆ ತಣಿಸುವ ಪುಟ್ಟ ರೇಡಿಯೇಟರ್, ಭಾರ ತಾಳುವ ಟೈರು, ಏಳು ಮುಳ್ಳಿನ ಪ್ಲಗ್ಗು. ಜೊತೆಗೆ, ಟ್ರೇಲರ್ ಕಳಚಿಕೊಂಡರೆ ತಾನಾಗಿ ಅದರ ಬ್ರೇಕು ಹಿಡಿಸುವ ಬ್ಯಾಟರಿ. ಕೊನೆಗೆ ಎರಡು ಸರಪಳಿ. ಅವನ್ನು ನೇರ ಕಟ್ಟುವುದಿಲ್ಲ. ಮೂಕಿಯ ಕೆಳಗೆ ಕತ್ತರಿಯಾಗಿ ಹಾಯಿಸುತ್ತಾರೆ. ಗುಂಡಿನಿಂದ ಕೊಂಡಿ ಜಿಗಿದರೂ ಮೂಕಿ ರಸ್ತೆಗೆ ಕುಟ್ಟದೆ, ಆ ಎರಡು ಸರಪಳಿಗಳ ತೊಟ್ಟಿಲಿನಲ್ಲಿ ಬಂದು ಕೂರುತ್ತದೆ.