ದನಿ ಒಡೆದ ಮೇಲೆ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲು ಎರೆಹೊಲಗಳ ನಡುವೆ ಸ್ವಲ್ಪ ದೂರ ಓಡಿತೆಂದರೆ ಕುಂದಗೋಳ ಬರುತ್ತದೆ. 1948ರವರೆಗೆ ಇದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಇಲ್ಲಿಯ ನಾಡಿಗೇರರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಹಾಡಿಕೆ ರಾತ್ರಿಯಿಡೀ ನಡೆಯುವುದುಂಟು. ಇಪ್ಪತ್ತು ವರ್ಷಗಳ ಕೆಳಗೆ ನಾನು ಅಂಥದೊಂದು ರಾತ್ರಿ ಕಂಬಕ್ಕೊರಗಿ ಕುಳಿತಿದ್ದೆ. ಪಕ್ಕದಲ್ಲಿ ಅಣ್ಣಿಗೇರಿಯ ಕಡೆಯ ಒಬ್ಬ ಹಿರಿಯರು. ಸಮ್ಮಿಗೆ ಸರಿಯಾಗಿ ಅವರ ಬೆರಳು ತೊಡೆಯ ಮೇಲೆ ಬೀಳುತ್ತಿತ್ತು.

“ನೀವೂ ಹಾಡ್ತೀರೇನ್ರಿ ಅಜ್ಜಾರ?” ಎಂದು ಕೇಳಿದೆ.

“ಹಾಡತಿದ್ದೆ. ಹದಿನೈದಕ್ಕ ದನಿ ಒಡೀತು. ಕಂಪನಿಯವರು ಊರಿಗೆ ಹೋಗು ಅಂದ್ರು.”

ಎಳೆಯ ವಯಸ್ಸಿನಲ್ಲಿ ದುಡಿಮೆಗೆ ಹತ್ತಿದ ಹುಡುಗನಿಗೆ ಅದು ಮುಂದೆ ಅನ್ನಕ್ಕೆ ದಾರಿಯಾಗುತ್ತದೆಯೋ, ಇದ್ದ ದಾರಿಯನ್ನೂ ಮುಚ್ಚುತ್ತದೆಯೋ? ತಂದೆತಾಯಂದಿರು ಈಗಲೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಧಾರವಾಡ ಸೀಮೆಯ ನಾಟಕ ಕಂಪನಿಗಳ ಇತಿಹಾಸವನ್ನು ನೋಡಿದರೆ ಸಾಕು.

ರಂಗದ ಮೇಲೆ ಸ್ತ್ರೀಯರು ವಿರಳವಾಗಿದ್ದ ಕಾಲದಲ್ಲಿ ಕಂಪನಿಗಳಿಗೆ ಎಳೆಗೊರಳಿನ ಹುಡುಗರು ಬೇಕಾಗಿದ್ದರು. ಸ್ತ್ರೀ ಪಾತ್ರಕ್ಕೆ ಅವರು. ಪ್ರಹ್ಲಾದ, ಧ್ರುವ, ಲೋಹಿತಾಶ್ವನಿಗೂ ಅವರೇ. ಊಟ, ಬಟ್ಟೆ, ಮೇಲೊಂದಿಷ್ಟು ಸಂಬಳ. ಹಗಲು ಪೇಟಿ ಮಾಸ್ತರರ ಮುಂದೆ ಪಾಠ, ಬಳಿಕ ತಾಲೀಮು, ರಾತ್ರಿ ಆಟ. ಸಾಲಿಯ ಮಾತೇ ಇಲ್ಲ. ಆದರೂ ಮಗನ ಕಂಠ ಇಂಪಾಗಿದೆಯೆಂದು ಕಂಡ ರೈತಾಪಿ ಮನೆಯವರು ಅವನನ್ನು ಕಂಪನಿಗೆ ಒಪ್ಪಿಸಲು ಹಿಂಜರಿಯುತ್ತಿರಲಿಲ್ಲ. ಒಂದು ಹೊಟ್ಟೆ ಹೊರಗೆ ತುಂಬಿದರೆ ಆಗಿನ ಮನೆಗೆ ಅದು ಸಣ್ಣ ಮಾತಲ್ಲ.

ಹೀಗೆ ಹೋದವರಲ್ಲಿ ಹೆಸರಾದವರನ್ನು ಎಲ್ಲರೂ ಬಲ್ಲರು. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರ ಡಿಸೆಂಬರ 31ರಂದು ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಒಂಬತ್ತರ ವಯಸ್ಸಿಗೇ ಬಣ್ಣ ಹಚ್ಚಿದರು. ಅಣ್ಣ ಬಸವರಾಜರೂ ನಾಟಕದವರೇ. ಹುಡುಗನ ಹಾಡು ಕೇಳಿ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಪಾಠ ಹೇಳಿದರು. ಮುಂದೆ ಮಿರಜಿನ ನೀಲಕಂಠಬುವಾ ಆಲೂರಮಠರು ಗ್ವಾಲಿಯರ ಘರಾಣೆಯ ಹಾದಿಗೆ ಹಚ್ಚಿದರು. ಅಲ್ಲಿಂದ ಮಂಜೀಖಾನರು, ಬುರ್ಜೀಖಾನರು. ಮುಂದೆ ಗ್ರಾಮೋಫೋನ ತಟ್ಟೆಗಳು, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರಿಕೆ, 1992ರಲ್ಲಿ ಪದ್ಮವಿಭೂಷಣ. ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳದೂ ಇದೇ ಜಾಡು. ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ ತಂದೆಯನ್ನು ಕಳೆದುಕೊಂಡ ಮೇಲೆ ಪಂಚಾಕ್ಷರಿ ಗವಾಯಿಗಳ ಆಶ್ರಯಕ್ಕೆ ಬಂದ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರನೂರು ವರ್ಷಗಳ ಉತ್ಸವ ನಡೆದಾಗ ಅವನು ಹಾಡಿದ. ತಬಲಾಕ್ಕೆ ಕುಳಿತವರು ಸ್ವತಃ ಗುರುಗಳು.

ಇವರ ಬಾಳನ್ನು ಓದಿ ಕಂಪನಿಯೇ ಇವರನ್ನು ಬೆಳೆಸಿತೆಂದು ಬರೆಯುವವರಿದ್ದಾರೆ. ನನಗೆ ಅದು ಅರ್ಧ ಸತ್ಯವೆನ್ನಿಸುತ್ತದೆ. ಕಂಪನಿ ಮಾಡಿದ್ದು ಇಷ್ಟೇ: ಹುಡುಗನ ದನಿಯನ್ನು ಹತ್ತೂರ ಕಿವಿಗೆ ಮುಟ್ಟಿಸಿತು. ಆ ಕಿವಿಗಳಲ್ಲಿ ಒಂದು ಗುರುವಿನದಾಗಿತ್ತು. ದನಿ ಒಡೆಯುವ ಮುನ್ನವೋ ಒಡೆದ ಮೇಲೋ, ಕೈಹಿಡಿದು ಮೊದಲಿನಿಂದ ಕಲಿಸುವವರೊಬ್ಬರು ಅವರಿಗೆ ದೊರೆತರು.

ಕುಂದಗೋಳದ ಇನ್ನೊಂದು ಕಥೆಯನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದರು. ಅಲೆದಾಟದಲ್ಲಿ ಕಲಕತ್ತೆ ಮುಟ್ಟಿ ಚಿತ್ರನಟ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿಯೂ ಇದ್ದರು. ಕೊನೆಗೆ ತಂದೆ ಅವರನ್ನು ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. 1936ರ ಸುಮಾರಿಗೆ ಕುಂದಗೋಳಕ್ಕೆ ಬಂದಾಗ ಮೊದಲು ಕೈಗೆ ಸಿಕ್ಕದ್ದು ತಂಬೂರಿಯಲ್ಲ, ನೀರಿನ ಕೊಡ. ಗುರುಮನೆಗೆ ನೀರು ಹೊತ್ತು, ಹೇಳಿದ ಕೆಲಸ ಮಾಡಿ, ಆಮೇಲೆ ಪಾಠ. ಕಲಕತ್ತೆಯಲ್ಲಿ ಮಾಡಿದ್ದೂ ಮನೆಗೆಲಸ, ಕುಂದಗೋಳದಲ್ಲಿ ಮಾಡಿದ್ದೂ ಮನೆಗೆಲಸ. ಮೊದಲನೆಯದರಿಂದ ಊಟ ಬಂತು. ಎರಡನೆಯದರ ಹಿಂದೆ ಸವಾಯಿ ಗಂಧರ್ವರಿದ್ದರು. 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೋ ಕಲಾವಿದರಾದಾಗ ಕೈಹಿಡಿದದ್ದು ಈ ಎರಡನೆಯದು.

ಗುರು ಸಿಕ್ಕದ ಹುಡುಗರ ಗತಿ ಏನಾಯಿತು? ಹೆಸರಾಗದವರ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಒಕ್ಕಲುತನದ ಕಸುಬು ಕೈಗೆ ಹತ್ತುವ ವರ್ಷಗಳನ್ನು ರಂಗದ ಮೇಲೆ ಕಳೆದು ಬಂದವನಿಗೆ ಕೂರಿಗೆ ಹಿಡಿಯಲು ಬಾರದು, ಸಾಲಿ ಕಲಿತಿಲ್ಲ. ಇದ್ದ ಒಂದು ಬಂಡವಾಳ, ಆ ದನಿ, ಅದೂ ಹೋಯಿತು. 1934ರಲ್ಲಿ ‘ಸತಿ ಸುಲೋಚನಾ’ದೊಂದಿಗೆ ಕನ್ನಡ ವಾಕ್ಚಿತ್ರ ಬಂತು, ರಂಗಕ್ಕೆ ನಟಿಯರೂ ಹೆಚ್ಚಾಗಿ ಬಂದರು. ಸೀರೆಯುಡುವ ಹುಡುಗರಿಗಿದ್ದ ಬೇಡಿಕೆಯೇ ಇಳಿಯಿತು. ಏಣಗಿ ಬಾಳಪ್ಪನವರಂತೆ ಸ್ತ್ರೀ ಪಾತ್ರದಿಂದ ಆರಂಭಿಸಿ ಕಂಪನಿಯ ಮಾಲಕರಾಗುವ ತನಕ ಬೆಳೆದವರು ಎಷ್ಟು ಮಂದಿ?

ಆದರೂ ಅದೇ ಕಾಲದ ಜಿನ್ನಿನ ಹುಡುಗನೊಂದಿಗೆ ಹೋಲಿಸಿದರೆ ಇವನೇ ಮೇಲು. ಅರಳೆಯ ಸೀಮೆಯಲ್ಲಿ ಜಿನ್ನುಗಳಿಗೆ ಅಗ್ಗದ ಕೈಗಳು ಬೇಕಾಗುತ್ತಿದ್ದವು. ಕಾರಖಾನೆ ಕಾಯಿದೆ 1881ರಲ್ಲಿ ಏಳು ವರ್ಷ ತುಂಬಿದ ಮಗುವನ್ನೂ ಒಳಗೆ ಬಿಡುತ್ತಿತ್ತು. 1891ರಲ್ಲಿ ಅದು ಒಂಬತ್ತಾಯಿತು, 1922ರಲ್ಲಿ ಹನ್ನೆರಡು. ಹದಿನೈದು ತುಂಬುವವರೆಗೆ ದಿನಕ್ಕೆ ಆರು ತಾಸು ದುಡಿಯಬಹುದಾಗಿತ್ತು. ಕಾಗದದ ಮೇಲೆ ಇದು ಅರೆದಿನದ ಕೆಲಸ. ಆದರೆ ಯಂತ್ರದ ಬಾಯಿಗೆ ಹತ್ತಿ ಒಡ್ಡುವುದರಲ್ಲಿ ಎರಡನೆಯ ದಿನದ ಮೇಲೆ ಕಲಿಯುವುದಾದರೂ ಏನಿತ್ತು? ಉಳಿದ ಅರೆದಿನಕ್ಕೆ ಕಾಯಿದೆ ವಿಶ್ರಾಂತಿ ಕೊಟ್ಟಿತು, ಸಾಲಿ ಕೊಡಲಿಲ್ಲ. ನಾಟಕದ ಹುಡುಗನಿಗೆ ಮಾತಿನ ಸ್ಫುಟತೆಯಾದರೂ ದಕ್ಕುತ್ತಿತ್ತು.

ನಮ್ಮ ಅಜ್ಜನಿಗೆ ದಕ್ಕಿದ್ದು ಇನ್ನೊಂದು. ದನಿ ಒಡೆಯುವ ಮುಂದಿನ ವರ್ಷ ಜ್ವರ ಬಂದು ತಿಂಗಳೊಪ್ಪತ್ತು ಹಾಡುವ ಹಾಗಿರಲಿಲ್ಲವಂತೆ. ಸುಮ್ಮನೆ ಕೂಡ್ರಿಸಿ ಅನ್ನ ಹಾಕುವುದೇಕೆಂದು ನಾಟಕದ ಹಸ್ತಪ್ರತಿಯಿಂದ ಒಬ್ಬೊಬ್ಬರ ಮಾತನ್ನು ನಕಲು ಮಾಡುವ ಕೆಲಸಕ್ಕೆ ಹಚ್ಚಿದರು. ಕಂಪನಿಯ ಮುದಿ ಕಾರಕೂನರೊಬ್ಬರು ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿದರು, ಜಮಾಖರ್ಚು ಬರೆಯುವುದನ್ನೂ ತೋರಿಸಿದರು. ಊರಿಗೆ ಬಂದ ಮೇಲೆ ದಲಾಲಿ ಅಂಗಡಿಯಲ್ಲಿ ಕೀರ್ದಿ ಬರೆಯುವ ಕೆಲಸ ದೊರೆತದ್ದು ಆ ಅಕ್ಷರದಿಂದ. ನಲವತ್ತು ವರ್ಷ ಅದೇ ಗಾದಿಯ ಮೇಲೆ ಕುಳಿತರು.

“ಹಾಡಿಂದ ಏನೂ ಆಗಲಿಲ್ಲರಿ. ಆ ಜ್ವರದಿಂದ ಆತು,” ಎಂದು ನಕ್ಕರು.

1986ರ ಬಾಲಕಾರ್ಮಿಕ ಕಾಯಿದೆ 2016ರಲ್ಲಿ ತಿದ್ದುಪಡಿಯಾದಾಗ ಹದಿನಾಲ್ಕರೊಳಗಿನವರ ದುಡಿಮೆಗೆ ಬಹುಮಟ್ಟಿಗೆ ತಡೆ ಬಿತ್ತು. ಸರ್ಕಸ್ಸನ್ನು ಬಿಟ್ಟು ಉಳಿದ ಕಡೆ ಬಾಲಕಲಾವಿದರಿಗೆ ಷರತ್ತಿನ ಮೇಲೆ ಸಮ್ಮತಿ ಉಳಿಯಿತು. ಮರುವರ್ಷದ ನಿಯಮಗಳಂತೆ ದಿನಕ್ಕೆ ಐದು ತಾಸಿಗಿಂತ ಹೆಚ್ಚು ದುಡಿಸಕೂಡದು, ಓದು ನಿಲ್ಲಕೂಡದು, ಗಳಿಕೆಯಲ್ಲಿ ನೂರಕ್ಕೆ ಇಪ್ಪತ್ತನ್ನಾದರೂ ಮಗುವಿನ ಹೆಸರಿಗೆ ಬ್ಯಾಂಕಿನಲ್ಲಿ ಇಡಬೇಕು. ಇದನ್ನು ಓದಿದಾಗ ವಾಡೆಯ ಆ ರಾತ್ರಿ ನೆನಪಾಯಿತು. ಭೈರವಿಯ ಹೊತ್ತಿಗೆ ಅಜ್ಜ ಶಲ್ಯ ಕೊಡವಿ ಎದ್ದಿದ್ದರು. ಹೋಗುವ ಮುನ್ನ ನಾನೊಂದು ಮಾತು ಕೇಳಿದ್ದೆ: ಕಂಪನಿಯಲ್ಲಿ ತಮಗೆ ಪಗಾರ ಎಷ್ಟಿತ್ತು?

“ಅದನ್ನ ನಮ್ಮಪ್ಪನ್ನ ಕೇಳಬೇಕಿತ್ತರಿ. ನನ್ನ ಕೈಗೆ ಒಂದಿನಾನೂ ಬರಲಿಲ್ಲ.”