ಅರುಳಪ್ಪ: ಯೋಹಾನನ ಹೆಸರಿನ ಅರ್ಧಾನುವಾದ

ಮರ್ಫಿ ಟೌನ್, ಹಲಸೂರು, ಶಿವಾಜಿನಗರಗಳ ತಮಿಳು ಮೂಲದ ಕಥೋಲಿಕರಲ್ಲಿ ಅರುಳಪ್ಪ, ರಾಯಪ್ಪ, ಚಿನ್ನಪ್ಪ ಎಂಬ ಹೆಸರುಗಳಿವೆ. ಇವು ಕ್ರಮವಾಗಿ ಯೋಹಾನ, ಪೇತ್ರ, ಪೌಲರ ಹೆಸರುಗಳೆಂಬುದು ನಿರ್ವಿವಾದ. ತಮಿಳು ಪ್ರೊಟೆಸ್ಟೆಂಟರು ಯೋವಾನ್ ಎಂದೇ ಬರೆದರು. ಕಥೋಲಿಕರೂ ಪ್ರೊಟೆಸ್ಟೆಂಟರೂ ಜಂಟಿಯಾಗಿ ಮಾಡಿದ 1995ರ ಬೈಬಲ್ ಅನುವಾದ ‘ತಿರುವಿವಿಲಿಯಂ’ ಬಂದ ಮೇಲೆ ಕಥೋಲಿಕರ ಬೈಬಲ್ಲಿನಲ್ಲೂ ಅದೇ ರೂಪ ನಿಂತಿತು.

ವಿವಾದವಿರುವುದು ‘ಅಪ್ಪ’ದಲ್ಲಿ. ಹೀಬ್ರೂವಿನ ಯೋಹಾನಾನ್ ಎರಡು ತುಣುಕಿನ ಹೆಸರು: ‘ಯೋ’ ಎಂಬುದು ಯಾಹ್ವೆ ಎಂಬ ದೈವನಾಮದ ಮೊಟಕು, ‘ಹಾನಾನ್’ ಎಂದರೆ ಕೃಪೆ ತೋರಿದನು. ಇವೇ ಹಿಂದುಮುಂದಾದರೆ ಹನನ್ಯ. ಆದ್ದರಿಂದ ‘ಅರುಳ್’ ಕೃಪೆಗೂ ‘ಅಪ್ಪ’ ದೇವರಿಗೂ ಸಂವಾದಿ, ಇದು ಪೂರ್ಣಾನುವಾದ ಎಂಬುದು ವಾಡಿಕೆಯ ವಿವರಣೆ. ಅಯ್ಯಪ್ಪ, ತಿಮ್ಮಪ್ಪರನ್ನು ಕಂಡ ನಮಗೆ ಅದು ಸಲೀಸಾಗಿ ಒಪ್ಪಿತವಾಗುತ್ತದೆ.

ನನಗೆ ಒಪ್ಪಿಗೆಯಿಲ್ಲ. ಪೌಲ ಎಂದರೆ ಲ್ಯಾಟಿನ್ನಿನಲ್ಲಿ ಸಣ್ಣವನು. ಚಿನ್ನಪ್ಪನಲ್ಲಿ ತಮಿಳಿನ ‘ಚಿನ್ನ’ (ಸಣ್ಣ) ಅದರ ನೇರ ಅನುವಾದ. ಮೂಲದಲ್ಲಿ ದೇವರ ಸುಳಿವೇ ಇಲ್ಲ, ಆದರೂ ‘ಅಪ್ಪ’ ಬಂದಿದೆ. ಪೇತ್ರ ಎಂದರೆ ಬಂಡೆ. ರಾಯಪ್ಪನ ‘ರಾಯ್’ ತೆಲುಗಿನ ಕಲ್ಲೋ, ಅರಸನೆಂಬ ರಾಯನೋ ಎಂಬ ಜಗಳ ಏನೇ ಇರಲಿ, ಅಲ್ಲಿಯೂ ‘ಅಪ್ಪ’ ಗೌರವವಾಚಿ. ಮೂವರಲ್ಲಿ ಇಬ್ಬರಿಗೆ ಗೌರವವಾಚಿಯಾದದ್ದು ಮೂರನೆಯವನಿಗೆ ಮಾತ್ರ ದೈವವಾಚಿಯಾಯಿತೆನ್ನಲು ಬೇರೆ ಆಧಾರ ಬೇಕು.

ಆಧಾರ ಸಿಗುವುದು ವಿರುದ್ಧ ದಿಕ್ಕಿನಲ್ಲಿ. ಬೆಸ್ಕಿ ಪಾದ್ರಿ, ಅಂದರೆ ವೀರಮಾಮುನಿವರ್ (1680–1747), ‘ತೇಂಬಾವಣಿ’ ಎಂಬ ತಮಿಳು ಕಾವ್ಯದಲ್ಲಿ ಸ್ನಾನಿಕ ಯೋಹಾನನನ್ನು ಕರುಣೈಯನ್ ಎಂದು ಕರೆದರು. ಕರುಣೆಯನ್ನು ಉಳಿಸಿಕೊಂಡರು, ‘ಯೋ’ವನ್ನು ಕೈಬಿಟ್ಟರು; ಕೊನೆಗಿರುವುದು ಬರೀ ಪುಲ್ಲಿಂಗ ಪ್ರತ್ಯಯ. ಹಾಗಾಗಿ ಅರುಳಪ್ಪನೂ ಅರ್ಧಾನುವಾದವೇ ಇರಬೇಕು. ‘ಇರಬೇಕು’ ಎಂದದ್ದು ಎಚ್ಚರಿಕೆಯಿಂದಲೇ: ಕವಿಯೊಬ್ಬರ ಆಯ್ಕೆ ಊರ ರೂಢಿಗೆ ಸಾಕ್ಷಿಯಾಗಲಾರದು. ಮೇಲಾಗಿ ಅರುಳ್ ಶೈವರ ಹಳೆಯ ಮಾತು, ಶಿವನೂ ಅಪ್ಪನೇ. ಹೆಸರಿಟ್ಟವರ ಉದ್ದೇಶ ಒಂದಾಗಿದ್ದು, ಕೇಳಿದವರು ಅದರಲ್ಲಿ ದೇವರನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಹೆಸರು ತಮಿಳುನಾಡಿಗೇ ಸೀಮಿತವೂ ಅಲ್ಲ. ಹೈದರಾಬಾದಿನ ಆರ್ಚ್‌ಬಿಷಪ್ ಆಗಿದ್ದವರೊಬ್ಬರು ಎಸ್. ಅರುಳಪ್ಪ. ಬೆಂಗಳೂರಿಗೆ ಇದು ಬ್ರಿಟಿಷ್ ದಂಡಿನ ಜೊತೆ ಬಂದ ತಮಿಳರಿಂದ ಬಂತೋ, ಅದಕ್ಕೂ ಮೊದಲಿನ ಮೈಸೂರು ಮಿಷನ್ನಿನ ಹಳ್ಳಿಗಳಿಂದಲೋ ಎಂಬುದನ್ನು ಚರ್ಚುಗಳ ಜ್ಞಾನಸ್ನಾನದ ದಾಖಲೆಗಳನ್ನು ಹೋಲಿಸಿಯೇ ತೀರ್ಮಾನಿಸಬೇಕು.